ಮರಡಿ ಖಾಲಿ ಇರಲಿಲ್ಲ

ಮೊದಲ ವರ್ಷ ನಾವು ತೋಡಿಸಿದ ಗುಂಡಿಗಳು ಇವತ್ತಿಗೂ ಆ ಮರಡಿಯ ಮೇಲೆ ಬಾಯಿ ತೆರೆದುಕೊಂಡಿವೆ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಐದು ಹಳ್ಳಿ, ಮೂರು ತಾಂಡಾಗಳ ನಡುವಿನ ಗಾಯರಾಣ ಅದು, ಊರ ದನಕುರಿ ಮೇಯುವ ಜಾಗ. ಕಾಗದದಲ್ಲಿ ‘ಬಂಜರು’ ಎಂದಿತ್ತು, ನಾವೂ ನಂಬಿದೆವು. ಬೇವು, ಹೊಂಗೆ, ಗ್ಲಿರಿಸಿಡಿಯಾ ಸಸಿ ತಂದು ನೆಟ್ಟೆವು. ವನಮಹೋತ್ಸವದ ಫೋಟೊಗಳು ಚೆನ್ನಾಗಿಯೇ ಬಂದವು. ಶಿವರಾತ್ರಿಯ ಹೊತ್ತಿಗೆ ಉಳಿದದ್ದು ಗ್ಲಿರಿಸಿಡಿಯಾ ಮಾತ್ರ. ಅದನ್ನು ಆಡುಗಳೂ ಮೂಸಿ ಬಿಟ್ಟು ಹೋಗುತ್ತಿದ್ದವು.

ಆ ದಿನಗಳಲ್ಲೇ ಒಬ್ಬ ಹಿರಿಯ ಕುರಿಗಾರರು ನನ್ನನ್ನು ತಡೆದು ನಿಲ್ಲಿಸಿದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ‘ತಮ್ಮಾ, ಇದು ಖಾಲಿ ಜಾಗ ಎಂದು ನಿನಗೆ ಯಾರು ಹೇಳಿದರು?’ ಎಂದು ಕೇಳಿ, ತಮ್ಮ ಕಂಬಳಿಗೆ ಚುಚ್ಚಿಕೊಂಡಿದ್ದ ಹುಲ್ಲಿನ ಬೀಜವೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು. ಒಂದು ತುದಿ ಸೂಜಿಯಂತೆ ಚೂಪು, ಇನ್ನೊಂದು ತುದಿಯಲ್ಲಿ ಉದ್ದನೆಯ ಹುರಿಗೊಂಡ ಬಾಲ. ಅದರ ಮೇಲೆ ಎರಡು ಹನಿ ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ಬಾಲ ಹುರಿ ಬಿಚ್ಚಿಕೊಳ್ಳುತ್ತ ಮೆಲ್ಲಗೆ ತಿರುಗತೊಡಗಿತು. ನೆಲದ ಮೇಲೆ ಬಿದ್ದಾಗಲೂ ಅದು ಹೀಗೆಯೇ ನೆನೆದಾಗ ಬಿಚ್ಚಿಕೊಂಡು, ಒಣಗಿದಾಗ ಹುರಿಗೊಂಡು ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ‘ಇದಕ್ಕೆ ನಿನ್ನ ಗುಂಡಿ ಬೇಕಿಲ್ಲ’ ಎಂದರು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ದಖ್ಖನ್ನಿನ ಹುಲ್ಲುಗಾವಲನ್ನು ಪಾಳು ಬಿದ್ದ ಕಾಡು ಎಂದುಕೊಳ್ಳುವುದು ಹಳೆಯ ತಪ್ಪು. ಕೃಷ್ಣಮೃಗಕ್ಕೆ, ತೋಳಕ್ಕೆ ಬೇಕಾದದ್ದು ಬಯಲೇ. ನಮ್ಮ ಮರಡಿಯ ಮೇಲೆ ಗೇಣುದ್ದ ಮಣ್ಣು, ಅದರ ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು. ಅಲ್ಲಿ ಹುಲ್ಲೇ ಸರಿ. ಮರ ಬೇಕೆಂದರೆ ಹಳ್ಳದ ದಂಡೆಗೆ ಇಳಿಯಬೇಕು. ಪಕ್ಕದಲ್ಲೇ ಚಿಂಚೋಳಿ ವನ್ಯಜೀವಿ ಧಾಮ ಇದೆ. 2011ರಲ್ಲಿ ಘೋಷಣೆಯಾದ, 134.88 ಚದರ ಕಿಲೋಮೀಟರ್ ವಿಸ್ತಾರದ ಕಾಡು ಅದು. ಅಲ್ಲಿನ ಹಸಿರು ನೋಡಿ ಬಂದವರಿಗೆ ನಮ್ಮ ಮರಡಿ ಬೋಳಾಗಿ ಕಾಣುವುದು ಸಹಜ. ನಮ್ಮ ಕಣ್ಣೂ ಹಾಗೆಯೇ ಪಳಗಿತ್ತು.

ಹಾಗಾಗಿ ಎರಡನೆಯ ವರ್ಷ ಸಸಿ ಬಿಟ್ಟು ಮಾತಿಗೆ ಕೂತೆವು. ಒಂದೇ ಊರಿನೊಡನೆ ಮಾತಾಡಿದರೆ ಸಾಲದು. ಮೇಲಿನ ಊರಿನ ಮಣ್ಣು ಕೊಚ್ಚಿಕೊಂಡು ಕೆಳಗಿನ ಊರಿನ ಕೆರೆಗೆ ಬರುತ್ತದೆ, ಅಲ್ಲಿಂದ ಮುಲ್ಲಾಮಾರಿ ಹೊಳೆಗೆ, ಕಾಗಿಣಾಕ್ಕೆ, ಕಡೆಗೆ ಭೀಮೆಗೆ. ಪಂಚಾಯಿತಿ ಕಚೇರಿಯಲ್ಲಿ ಕರೆದ ಮೂರು ಸಭೆಗಳಿಗೆ ಕುರಿಗಾರರು ಬರಲೇ ಇಲ್ಲ. ಬಂದರೂ ಹಿಂದೆ ಬಾಗಿಲ ಬಳಿ ನಿಲ್ಲಬೇಕಾಗುತ್ತಿತ್ತು, ಅದು ಅವರಿಗೆ ಗೊತ್ತಿತ್ತು. ಕೊನೆಗೆ ಕೆಲಸ ಆದದ್ದು ಎಳ್ಳಮಾವಾಸ್ಯೆಯ ದಿನ, ಒಬ್ಬ ರೈತರ ಹೊಲದಲ್ಲಿ. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡ ಮೇಲೆ ಯಾರಿಗೂ ಏಳುವ ಅವಸರವಿರಲಿಲ್ಲ.

ಮರಡಿಯನ್ನು ಪೂರ್ತಿ ಮುಚ್ಚಬೇಕೆಂದು ನಾನು ವಾದಿಸಿದೆ. ಕಾಕಾ ನಕ್ಕರು. ಮೂರು ಭಾಗ ಮಾಡಿ, ಮಳೆಗಾಲದಲ್ಲಿ ವರ್ಷಕ್ಕೊಂದು ಭಾಗವನ್ನು ಮೇಯಿಸದೆ ಬಿಟ್ಟುಬಿಡಿ, ಬೀಜ ಉದುರಿದ ಮೇಲೆ ತೆರೆಯಿರಿ ಎಂದರು. ಬೀಜ ಬಲಿತಾಗ ಆ ಚೂಪುಮೊನೆಗಳು ಉಣ್ಣೆಯೊಳಗೆ ಹೊಕ್ಕು ಕುರಿಯ ಚರ್ಮಕ್ಕೇ ಚುಚ್ಚುತ್ತವೆ. ಆಗ ಕುರಿಗಾರರು ಹೇಗೂ ಅಲ್ಲಿಗೆ ಹೋಗುವುದಿಲ್ಲ. ರೈತರು ಇದಕ್ಕೆ ಒಪ್ಪಿದ್ದರ ಹಿಂದೆ ಬೇರೆ ಲೆಕ್ಕವಿತ್ತು: ತೊಗರಿ ರಾಶಿಯಾದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳಲು ಇದೇ ಮಂದೆಗಳು ಬೇಕು. ಪ್ರಕೃತಿ ಪ್ರೇಮಕ್ಕಿಂತ ಈ ಲೆಕ್ಕವೇ ನಮ್ಮ ಒಪ್ಪಂದವನ್ನು ಹಿಡಿದು ನಿಲ್ಲಿಸಿದೆ ಎಂದು ನನ್ನ ಅಂದಾಜು. ಮರುತಿಂಗಳು ಈ ಊರುಗಳ ಎರಡೂ ಪಂಚಾಯಿತಿಗಳಲ್ಲಿ ಠರಾವು ಬರೆಸಿದೆವು.

ತಾಂಡಾಗಳ ಕಥೆ ಬೇರೆ. ದೀಪಾವಳಿ ಮುಗಿದರೆ ಅರ್ಧ ಮನೆಗಳಿಗೆ ಬೀಗ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುತ್ತಾರೆ. ಹೋಳಿಗೆ ತಿರುಗಿ ಬರುತ್ತಾರೆ. ಹಳ್ಳಕ್ಕೆ ಕಲ್ಲಿನ ತಡೆ ಕಟ್ಟುವ ಉದ್ಯೋಗ ಖಾತ್ರಿ ಕೆಲಸವನ್ನು ಡಿಸೆಂಬರಿನಲ್ಲಿ ಇಟ್ಟುಕೊಂಡು ಆಳು ಸಿಗುವುದಿಲ್ಲ ಎಂದು ಒಂದು ವರ್ಷ ಗೊಣಗಿದವನು ನಾನೇ. ಹೋಳಿಯಿಂದ ಮೃಗಶಿರಾ ಮಳೆಯವರೆಗೆ ಎಂದು ಬದಲಿಸಿದ ಮೇಲೆ ಸಾಲು ಹಿಡಿದು ಜನ ಬಂದರು. ಕೂಲಿ ಮಾತ್ರ ಎಂದೂ ಹೇಳಿದ ದಿನಕ್ಕೆ ಬರಲಿಲ್ಲ. ಪ್ರತಿ ಸಲವೂ ಬೈಗುಳ ನಮ್ಮ ಪಾಲಿಗೆ.

ಎಲ್ಲೆಡೆ ಹಬ್ಬುವ ಮುಳ್ಳುಗಿಡ ಬಳ್ಳಾರಿ ಜಾಲಿಯ ವಿಷಯದಲ್ಲೂ ಎಡವಿದೆವು. ಬರೀ ಕಡಿದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಬೇರಿನ ತಲೆಯನ್ನೇ ಅಗೆದು ತೆಗೆಯಬೇಕು. ಹಳ್ಳದುದ್ದಕ್ಕೂ ಹಾಗೆ ತೆಗೆಸಿದೆವು. ತಾಂಡಾದ ಹಿಂದಿನ ಪೊದೆಗೆ ಕೈ ಹಾಕಿದಾಗ ಹೆಂಗಸರು ಅಡ್ಡ ನಿಂತರು: ‘ನಾಳೆ ಒಲೆಗೆ ಏನು ಹಾಕೋಣ, ನಿಮ್ಮ ಹುಲ್ಲೇ?’ ಆ ಪೊದೆ ಈಗಲೂ ಅಲ್ಲೇ ಇದೆ. ಇರಲಿ.

ಮೂರನೆಯ ಮಳೆಗಾಲ ಮೊದಲ ಭಾಗದಲ್ಲಿ ಹುಲ್ಲು ಮೊಣಕಾಲು ದಾಟಿತು. ಸರದಿ ಬಂದು ಮುಚ್ಚಿದ್ದ ಎರಡನೆಯ ಭಾಗಕ್ಕೆ ರಾತ್ರಿ ಕುರಿ ನುಗ್ಗಿಸಿದವನು ಮರಡಿ ನೋಡಿಕೊಳ್ಳುವ ಸಮಿತಿಯ ಸದಸ್ಯರೊಬ್ಬರ ಸ್ವಂತ ಅಳಿಯನೇ. ದಂಡ ಹಾಕಿದ್ದು ಉಳಿದ ಕುರಿಗಾರರು, ನಾವಲ್ಲ. ಈಗ ಗ್ಲಿರಿಸಿಡಿಯಾ ಕೀಳುವುದೊಂದು ಬಾಕಿ ಇದೆ. ನೆಟ್ಟವರೇ ಕೀಳಬೇಕು, ಅದಕ್ಕೆ ಕೂಲಿ ಇಲ್ಲ ಎಂದು ಕಾಕಾ ಠರಾವಿನಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿದ್ದಾರೆ.