ಕಾರ್ ಶೆಡ್‌ಗೆ ನಾನೇ ಮಾಡ್ಕಂಡ ಮರದ ರ‍್ಯಾಕು

ಭಾರ ಸ್ಕ್ರೂ ಮೇಲೆ ಕೂರಬಾರ್ದು, ಮರದ ಮೇಲೇ ಕೂರಬೇಕು, ರ‍್ಯಾಕ್ ಮಾಡ್ತೀನಿ ಅನ್ನೋರಿಗೆ ನಾನು ಮೊದ್ಲು ಹೇಳೋದು ಇದನ್ನೇ. ನಮ್ಮನೇಲಿ ಹೊಲದ ಸಾಮಾನು ಬಾಳ, ಯೂರಿಯಾ ಚೀಲ ಒಂದೇ 45 ಕೆಜಿ, ಅದ್ರ ಜೊತೆ ಸ್ಪ್ರೇ ಪಂಪು, ಪೇಂಟ್ ಡಬ್ಬಿ, ಹಳೇ ಮೋಟ್ರು, ತೆಳು ತಗಡಿನ ರ‍್ಯಾಕ್ ನಂಬೋಕೆ ಮನಸ್ಸಾಗ್ಲಿಲ್ಲ.

ಮರ ತಂದಿದ್ದು ದಾವಣಗೆರೆ ಹಳೇಪೇಟೇಲಿ ಕೆಡವಿದ ಒಂದು ಮನೇದು, ಮತ್ತಿ ತೊಲೆ. ಮ್ಯಾಗ್ನೆಟ್ ಆಡಿಸಿ ಹಳೇ ಮೊಳೆ ಎಲ್ಲಾ ಕಿತ್ತು ಸಾಮಿಲ್‌ನಲ್ಲಿ 3 ಇಂಚು ಅಗಲ ಒಂದೂವರೆ ಇಂಚು ದಪ್ಪಕ್ಕೆ ರೀಪು ಸೀಳಿಸ್ದೆ. ಹಳೇ ಮರ ಚೆನ್ನಾಗಿ ಒಣಗಿರ್ತೈತೆ, ಅದೇ ಹಸಿ ಮರ ಆದ್ರೆ ನಮ್ಮೂರ ಏಪ್ರಿಲ್ ಬಿಸ್ಲಿಗೆ ಕುಗ್ಗಿ ತಿರುಚ್ಕಂಡು ಜಾಯಿಂಟೆಲ್ಲಾ ಸಡ್ಲ ಆಗ್ತೈತೆ. ಹಲಗೆಗೆ 18 ಎಂಎಂ ಪ್ಲೈವುಡ್, 8 ಅಡಿ 4 ಅಡಿ ಶೀಟನ್ನ ಉದ್ದಕ್ಕೆ ಸೀಳಿದ್ರೆ 16 ಇಂಚಿಗೆ ಚೂರು ಕಮ್ಮಿ ಅಗಲದ ಮೂರು ಹಲಗೆ ಬರ್ತವೆ, ವೇಸ್ಟೇ ಇಲ್ಲ.

ಈಗ ಕಾಲಿನ ವಿಷ್ಯ. ಪ್ರತಿ ಕಾಲೂ ಎರಡು ಪದರ, ಹೊರಗಿಂದು ನೆಲದಿಂದ ಮೇಲಿನ್ ತನಕ ಒಂದೇ ರೀಪು, ಒಳಗಿಂದು ತುಂಡು ತುಂಡು. ನೆಲದಿಂದ ಒಂದು ತುಂಡು, ಅದ್ರ ತಲೆ ಮೇಲೆ ಉದ್ದನೇ ಅಡ್ಡಪಟ್ಟಿ, ಅದ್ರ ಮೇಲೆ ಮತ್ತೆ ತುಂಡು, ಮತ್ತೆ ಪಟ್ಟಿ, ಹಿಂಗೆ. ಫೆವಿಕಾಲ್ ಹಚ್ಚಿ ಸ್ಕ್ರೂ ಹಾಕಿದ್ದು ಬರೀ ಹಿಡ್ಕಳಕ್ಕೆ, ಚೀಲದ ಭಾರ ಎಲ್ಲಾ ಮರದಿಂದ ಮರಕ್ಕೆ ನೆಲಕ್ಕೆ ಇಳಿತೈತೆ. ಕಪ್ಪು ಡ್ರೈವಾಲ್ ಸ್ಕ್ರೂ ಮಾತ್ರ ಇಲ್ಲಿ ಹಾಕ್ಬ್ಯಾಡ್ರಿ, ಗಟ್ಟಿ ಇರ್ತವೆ ಆದ್ರೆ ಅಡ್ಡ ಏಟಿಗೆ ಪಟಕ್ ಅಂತವೆ. ಮತ್ತಿ ಕಲ್ಲಿನಂಥ ಮರ, ಮೊದ್ಲೇ ಸಣ್ಣ ಬಿಟ್‌ನಲ್ಲಿ ತೂತು ಕೊರೀದಿದ್ರೆ ಸೀಳೋದೇ.

ಅಡ್ಡಪಟ್ಟಿನ ಮಲಗ್ಸಿ ಹಾಕೋದಲ್ಲ, 3 ಇಂಚಿನ ಬದಿ ಎತ್ತರಕ್ಕೆ ಬರೋ ಹಂಗೆ ನಿಲ್ಸಿ ಹಾಕ್ಬೇಕು, ಅದೇ ರೀಪು ನಿಂತಾಗ ಮಲಗಿದ್ದಕ್ಕಿಂತ ನಾಲ್ಕು ಪಟ್ಟು ಬಿಗಿ. 8 ಅಡಿಗೆ ನಡುವೆ ಇನ್ನೊಂದು ಜೊತೆ ಕಾಲು ಕೊಡ್ಲೇಬೇಕು, ಕಾಲಿನ ಅಂತರ ಅರ್ಧ ಆದ್ರೆ ಜಗ್ಗೋದು ಹದಿನಾರನೇ ಒಂದು ಪಾಲಿಗೆ ಇಳಿತೈತೆ, ಅರ್ಧಕ್ಕಲ್ಲ. ಎಷ್ಟೋ ಜನ ಇಲ್ಲಿ ಒಂದು ಕಾಲು ಉಳ್ಸಕ್ಕೆ ಹೋಗಿ ದಪ್ಪ ಹಲಗೆಗೆ ದುಡ್ಡು ಸುರೀತಾರೆ, ನಂಗೆ ಅದು ನೋಡಿದ್ರೆ ಸಂಕಟ ಆಗ್ತೈತೆ.

ಹಿಂದುಗಡೆ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹೊಡೆದ್ಮೇಲೆ ಅಲ್ಲಾಟ ನಿಲ್ತು. ಮೇಲ್ಗಡೆ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿದೀನಿ, ಪ್ಲಗ್ ಇಟ್ಟಿಗೆಗೆ ಹೋಗ್ಬೇಕು, ಬರೀ ಗಿಲಾವಿಗೆ ಹಾಕಿದ್ರೆ ಕಿತ್ಕಂಡು ಬರ್ತೈತೆ. ಚೀಲ, ಮೋಟ್ರು ಕೆಳಗೆ, ಹಗುರದ್ದು ಮೇಲೆ.

ಇನ್ನ ಗೆದ್ದಲು. ಕಾಲಿನ ಕೆಳಗೆ ಕಡಪ ಕಲ್ಲಿನ ತುಂಡು ಇಟ್ಟು, ರ‍್ಯಾಕನ್ನ ಗೋಡೆಯಿಂದ 2 ಇಂಚು ಬಿಟ್ಟು ನಿಲ್ಸಿದೀನಿ. ಕಲ್ಲಿಟ್ಟ ಮಾತ್ರಕ್ಕೆ ಗೆದ್ದಲು ಬರಲ್ಲ ಅಂತಲ್ಲ, ಮಣ್ಣಿನ ಗೆರೆ ಕಟ್ಕಂಡೇ ಹತ್ತಬೇಕಲ್ಲ, ಅದು ಕಣ್ಣಿಗೆ ಬೀಳ್ತೈತೆ. ಕ್ಲಾಂಪ್ ಇರೋ ಜಾಗಾನೂ ಬಿಡದಂಗೆ ಟಾರ್ಚ್ ಹಾಕಿ ನೋಡ್ತಿರ್ರಿ, ಗೆರೆ ಕಂಡ್ರೆ ಕೆರೆದು ಆವತ್ತೇ ಔಷಧಿ ಹೊಡೀರಿ.