ಯಾವ ಓಣಿ, ಯಾರ ಮಗಳು?

ನಮ್ಮ ಹೈಸ್ಕೂಲ್ ಇದ್ದ ಜಾಗದಲ್ಲಿ ಈಗ ವರ್ಷದ ಬಹಳಷ್ಟು ದಿನ ನೀರು ನಿಂತಿರುತ್ತದೆ. ಘಟಪ್ರಭಾ ದಂಡೆಯ ಊರು ಅದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ನಮ್ಮ ಬ್ಯಾಚಿನವರು ಯಾರೂ ಹುಟ್ಟಿರಲಿಲ್ಲ. ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಮುಳುಗಡೆ ಅನ್ನೋದು ದಿನಾ ಕೇಳುವ ಮಾತಾಗಿತ್ತು. ಪರಿಹಾರ ಬಂತಾ, ಪ್ಲಾಟ್ ಎಲ್ಲಿ ಕೊಟ್ರು, ಇದೇ ಮಾತು. ಆಮೇಲೆ ಊರು ಚದುರಿತು. ಕೆಲವರು ಪುನರ್ವಸತಿ ಕೇಂದ್ರಕ್ಕೆ ಹೋದರು. ಕೆಲವರು ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿದರು. ಜಮೀನು ಹೋದವರಲ್ಲಿ ಎಷ್ಟೋ ಜನ ಗೋವಾ, ಮಂಗಳೂರು ಅಂತ ದುಡಿಯಲು ಹೊರಟರು. ಶಾಲೆಯೂ ಎದ್ದು ಹೋಯಿತು. ಹೆಸರು ಅದೇ, ಕಟ್ಟಡ ಬೇರೆ. ಜಿಲ್ಲೆ ಕೂಡ ಬೇರೆಯಾಯಿತು. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಬಿಜಾಪುರ ಜಿಲ್ಲೆ ಅಂತಿದೆ, ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ.

ಹಳೆಯ ವಿದ್ಯಾರ್ಥಿಗಳನ್ನು ಒಂದು ಕಡೆ ಸೇರಿಸಬೇಕು ಎಂಬ ಮಾತು ಬಂದಾಗ ಎಲ್ಲರೂ ಹೇಳಿದ್ದು ‘ಗುರುವಂದನಾ ಹಾಗೂ ಸ್ನೇಹ ಸಮ್ಮಿಲನ’ ಮಾಡೋಣ ಅಂತ. ನಮ್ಮ ಕಡೆ ಈಗ ಇದು ಊರೂರಲ್ಲೂ ನಡೆಯುತ್ತದೆ. ಪೆಂಡಾಲು, ಫ್ಲೆಕ್ಸು, ಶಾಲು, ಹಾರ, ಊಟ. ತಪ್ಪೇನಿಲ್ಲ. ಆದರೆ ಬರುವವರು ಯಾರು? ಫೋನ್ ನಂಬರ್ ಗೊತ್ತಿದ್ದವರು. ಅವರು ಹೇಗಿದ್ದರೂ ಚಹಾದಂಗಡಿಯಲ್ಲಿ, ಯಾರದೋ ಮದುವೆಯಲ್ಲಿ ಸಿಗುತ್ತಲೇ ಇರುತ್ತಾರೆ. ಸಿಗದವರನ್ನು ಹುಡುಕುವುದು ಮೊದಲು, ಪೆಂಡಾಲು ಆಮೇಲೆ ಅಂತ ನಾನು ಹಟ ಹಿಡಿದೆ. ನವನಗರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇದೆ. ಹಟ ಹಿಡಿದವನ ತಲೆಗೇ ಕೆಲಸ ಬಂತು.

ಶುರು ಮಾಡಿದ್ದು ಶಾಲೆಯ ದಾಖಲಾತಿ ರಜಿಸ್ಟರ್‌ನಿಂದ. ಊರು ಬಿಡುವಾಗ ಅದು ಟ್ರಂಕಿನಲ್ಲಿ ಶಾಲೆಯ ಜತೆಗೇ ಹೋಗಿತ್ತು. ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ಶಾಲಾ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಹೇಳಿ, ಆಫೀಸಿನಲ್ಲೇ ಕೂತು ಬರೆದುಕೊಂಡೆವು. ಫೋಟೋ ಹೊಡೆಯಲಿಲ್ಲ. ಕಾರಣ ಇದೆ. ಆ ಉದ್ದನೆಯ ವಹಿಯಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಸೇರಿದ ವರ್ಷ, ಬಿಟ್ಟ ವರ್ಷದ ಜತೆಗೆ ಜಾತಿಯ ಕಾಲಮ್ಮೂ ಇರುತ್ತದೆ. ಅದೊಂದನ್ನು ಬರೆದುಕೊಳ್ಳುವುದು ಬೇಡ ಅಂದೆ. “ಇರ್ಲಿ ಬಿಡ್ರಿ, ಹುಡುಕಾಕ ಅನುಕೂಲ ಆಗ್ತದ” ಅಂದರು ಒಬ್ಬರು. ಅನುಕೂಲ ಆಗುತ್ತಿತ್ತು, ನಿಜ. ಆದರೂ ಬೇಡ ಅಂತಲೇ ಆಯಿತು.

ಹುಟ್ಟಿದ ದಿನವನ್ನೂ ಬಿಟ್ಟೆವು. ಅದು ಉಪಯೋಗಕ್ಕೇ ಬರುವುದಿಲ್ಲ. ನಮ್ಮ ರಜಿಸ್ಟರ್ ತೆರೆದರೆ ಸಾಲಾಗಿ ಜೂನ್ 1, ಜೂನ್ 1, ಜೂನ್ 1. ಶಾಲೆಗೆ ಸೇರಿಸಲು ವಯಸ್ಸು ಹೊಂದಿಸಿ ಮಾಸ್ತರರೇ ಬರೆದ ತಾರೀಖು. ಈಗಲೂ ಜೂನ್ 1ರಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಕುಗಳ ಚಿತ್ರ ಸುರಿಯುತ್ತವೆ, ಅರ್ಧ ಊರಿಗೇ ಹುಟ್ಟುಹಬ್ಬ.

ಪಟ್ಟಿ ಕೈಗೆ ಬಂದ ಮೇಲೆ ಗೊತ್ತಾಯಿತು, ಬರೀ ಹೆಸರಿನಿಂದ ಯಾರನ್ನೂ ಹುಡುಕಲು ಆಗುವುದಿಲ್ಲ. ಅಡ್ಡಹೆಸರು ಪಾಟೀಲ, ಬಡಿಗೇರ, ಕುಂಬಾರ ಅಂತಿದ್ದರೆ ಪ್ರತಿ ಬ್ಯಾಚಿನಲ್ಲೂ ನಾಲ್ಕಾರು ಜನ. ರಜಿಸ್ಟರ್‌ನಲ್ಲಿ ಮಲ್ಲವ್ವ ಇದ್ದವರು ಆಧಾರ್ ಕಾರ್ಡಿನಲ್ಲಿ ಮಲ್ಲಮ್ಮ ಆಗಿದ್ದಾರೆ. ವಿಳಾಸ ಅಂತೂ ನೀರಲ್ಲಿದೆ. ಕೊನೆಗೆ ದಾರಿ ತೋರಿಸಿದ್ದು ಓಣಿ. ಹಳೇ ಊರಿನ ಹಿರಿಯರ ಹತ್ತಿರ ಹೋಗಿ ಇಂಥವರ ಮಗ ಅಂದರೆ ಅವರು ಕೇಳುವ ಮೊದಲ ಪ್ರಶ್ನೆ, “ಯಾವ ಓಣ್ಯಾವ ಅಂವ?” ಓಣಿ ಹೇಳಿದರೆ ಸಾಕು. ಅಕ್ಕಪಕ್ಕದ ಮನೆ, ಅವರ ಎತ್ತು, ಅವರ ಜಗಳ ಎಲ್ಲ ಬರುತ್ತದೆ. ಜತೆಗೆ ಅವರು ನವನಗರದ ಯಾವ ಸೆಕ್ಟರಿಗೆ ಹೋದರು, ಅಳಿಯ ಯಾವ ಊರವನು ಅನ್ನೋದೂ ಬರುತ್ತದೆ.

ಹಾಗಾಗಿ ಡ್ರಾಯಿಂಗ್ ಶೀಟಿನ ಮೇಲೆ ಹಳೇ ಊರಿನ ನಕಾಶೆ ಬರೆದೆವು. ಅಗಸಿ, ಹನುಮಪ್ಪನ ಗುಡಿ, ಬಾವಿ, ಹಿಟ್ಟಿನ ಗಿರಣಿ, ಶಾಲೆ, ನದಿಗೆ ಇಳಿಯುವ ದಾರಿ. ಮಧ್ಯಾಹ್ನ ಕಟ್ಟೆಯ ಮೇಲೆ ಅದನ್ನು ಹಾಸಿ ಕೂತರೆ ಅಜ್ಜಂದಿರು ಒಬ್ಬೊಬ್ಬರಾಗಿ ಬಂದು ಕಡ್ಡಿಯಿಂದ ಮನೆ ತೋರಿಸುತ್ತಿದ್ದರು. ಒಂದು ಮನೆ ಬಾವಿಯ ಈಚೆಗೋ ಆಚೆಗೋ ಎಂದು ಇಬ್ಬರು ಅಜ್ಜಂದಿರಿಗೆ ಮಾತಿಗೆ ಮಾತು ಬೆಳೆಯಿತು. ಒಬ್ಬರು ಎದ್ದೇ ಹೋದರು. ಮರುದಿನ ಮನೆಯ ದಾಖಲೆ, ಹಳೆಯ ಉತಾರ ಹಿಡಿದುಕೊಂಡು ಬಂದರು! ಓಣಿಗಳ ಹೆಸರಿನಲ್ಲೂ ಜಾತಿ ಇರುತ್ತದೆ ಅನ್ನೋದು ಹಳ್ಳಿಯವರಿಗೆಲ್ಲ ಗೊತ್ತು. ಅದಕ್ಕೇ ನಾವು ಓಣಿಗಳಿಗೆ ಗುರುತಿನ ಹೆಸರು ಇಟ್ಟುಕೊಂಡೆವು. ಗಿರಣಿ ಓಣಿ, ಬಾವಿ ಓಣಿ, ಗುಡಿ ಹಿಂದಿನ ಓಣಿ ಅಂತ.

ಗಂಡಸರು ಹೀಗೆ ಬೇಗ ಬೇಗ ಸಿಕ್ಕರು. ಸಿಗದೇ ಉಳಿದಿದ್ದು ನಮ್ಮ ಜತೆ ಓದಿದ ಹೆಣ್ಣುಮಕ್ಕಳು. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಎಷ್ಟೋ ಜನರ ಮದುವೆ ಆಗಿತ್ತು. ಕೆಲವರದು ಪರೀಕ್ಷೆಗೂ ಮೊದಲೇ. ಗಂಡನ ಮನೆಯ ಅಡ್ಡಹೆಸರು ಬಂದಿದೆ, ಕೆಲವರಿಗೆ ಅಲ್ಲಿ ಬೇರೆ ಹೆಸರನ್ನೇ ಇಟ್ಟಿದ್ದಾರೆ. ಬೇರೆ ಬ್ಯಾಚಿನವರು ಮಾಡಿದ ಸಮ್ಮಿಲನಗಳ ಫೋಟೋ ನೋಡಿ, ಮೂರು ಸಾಲು ಗಂಡಸರು, ಮೂಲೆಯಲ್ಲಿ ನಾಲ್ಕು ಜನ ಹೆಂಗಸರು. ಅವರು ಬರಲ್ಲ ಬಿಡಿ ಅಂತಾರೆ. ಕರೆದವರು ಯಾರು?

ನಾನು ಒಬ್ಬರ ತವರಿಗೆ ಫೋನ್ ಮಾಡಿದೆ. “ನಿಮ್ಮ ತಂಗಿ ನನ್ನ ಕ್ಲಾಸ್‌ಮೇಟ್ ರೀ, ನಂಬರ್ ಬೇಕಿತ್ತು” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಯಾಕ್ರೀ? ಏನ್ ಕೆಲಸಾ ಆಕಿ ಹತ್ರ?” ಅಣ್ಣನಾದವನು ಕೇಳಬೇಕಾದ ಮಾತೇ. ಅಲ್ಲಿಗೆ ಆ ಕೆಲಸ ನಮ್ಮ ಬ್ಯಾಚಿನ ಒಬ್ಬ ಗೆಳತಿಗೆ ಹೋಯಿತು. ಆಕೆ ಟೇಲರ್. ಬ್ಲೌಸು ಹೊಲಿಸಲು ಬರುವ ಹತ್ತು ಊರಿನ ಹೆಂಗಸರು ಆಕೆಗೆ ಪರಿಚಯ. ನನ್ನ ಹಾಗೆ ನಂಬರ್ ಕೇಳುತ್ತಿರಲಿಲ್ಲ. “ಅಕ್ಕಾರ, ನಿಮ್ಮೂರಾಗ ನಮ್ಮೂರಿನ ಮಗಳು ಯಾರರ ಅದಾರೇನು?” ಅಂತ ಕೇಳುತ್ತಿದ್ದಳು. ತನ್ನ ನಂಬರನ್ನೇ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದಳು. ಮಾತಾಡಬೇಕು ಅನ್ನಿಸಿದರೆ ಅವರೇ ಮಾಡಲಿ ಅಂತ. ಮಾಡಿದರು. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಹುಡುಕಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಪಟ್ಟಿಯಲ್ಲೂ ಅವರನ್ನು ಬರೆದಿದ್ದು ತವರಿನ ಹೆಸರಿನಿಂದ. ಓಣಿ, ತಂದೆಯ ಹೆಸರು ಮೊದಲು. ಗಂಡನ ಮನೆಯ ಹೆಸರು ಅವರು ಬೇಕು ಅಂದರೆ ಮಾತ್ರ.

ದಿನ ಗೊತ್ತು ಮಾಡುವಾಗ ದೊಡ್ಡ ಚರ್ಚೆ ಆಯಿತು. ಬೆಂಗಳೂರು, ಪುಣೆಯಲ್ಲಿ ನೌಕರಿ ಇರುವವರಿಗೆ ಮೇ ತಿಂಗಳೇ ಬೇಕು. ಮಕ್ಕಳಿಗೆ ರಜೆ. ಹಿನ್ನೀರು ಇಳಿದು ಹಳೇ ಊರಿನ ಪಾಯದ ಕಲ್ಲುಗಳೂ ಕಾಣುತ್ತವೆ. ಟೇಲರ್ ಗೆಳತಿ ಒಂದೇ ಮಾತು ಹೇಳಿದಳು. “ಮೇದಾಗ ಇಟ್ಟರ ನಾವ್ಯಾರೂ ಬರಂಗಿಲ್ಲ. ಪಂಚಮಿಗೆ ಇಡ್ರಿ.” ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರುತ್ತಾನೆ. ಅತ್ತೆ ಮನೆಯಲ್ಲಿ ಯಾರ ಅಪ್ಪಣೆಯನ್ನೂ ಬೇರೆ ಕೇಳಬೇಕಿಲ್ಲ. ಪಂಚಮಿ ಮುಗಿದ ಮೊದಲ ಭಾನುವಾರ ಅಂತ ನಿಗದಿ ಮಾಡಿದೆವು. ಪುಣೆಯ ಗೆಳೆಯರು ಗೊಣಗಿದರು. ಗೊಣಗುತ್ತಲೇ ಬಂದರು. ಹೆಂಗಸರು ಎಷ್ಟು ಬಂದರೆಂದರೆ ಕುರ್ಚಿ ಸಾಲದೆ ಜಮಖಾನೆ ಹಾಸಬೇಕಾಯಿತು. ಎಲ್ಲರ ಚೀಲದಲ್ಲೂ ಡಬ್ಬಿ, ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಅಡುಗೆಯವರಿಗೆ ಸಿಹಿ ಮಾಡಿ ಅಂತ ಹೇಳಿದ್ದೇ ಜಾಸ್ತಿ ಆಯಿತು.

ವೇದಿಕೆಯ ಮೇಲೆ ಭಾಷಣ ಬೇಡ ಅಂದಿದ್ದೆವು. ಪೂರ್ತಿ ತಪ್ಪಿಸಲು ಆಗಲಿಲ್ಲ, ಅದು ಎಲ್ಲೂ ಆಗಲ್ಲ. ಆದರೆ ಗುರುಗಳನ್ನು ಮೇಲೆ ಕೂರಿಸಿ ದೂರದಿಂದ ನೋಡುವ ಬದಲು ಕೆಳಗೆ ಬ್ಯಾಚಿಗೊಂದು ಜಮಖಾನೆ ಹಾಸಿ, ಅವರನ್ನು ಒಂದೊಂದು ಕಡೆ ಸ್ವಲ್ಪ ಹೊತ್ತು ಕೂರಿಸಿದೆವು. ಎಂಬತ್ತು ದಾಟಿದ ಗಣಿತದ ಸರ್ ಕಿವಿ ಸರಿಯಾಗಿ ಕೇಳದಿದ್ದರೂ ಹುಡುಗರ ಅಪ್ಪಂದಿರ ಹೆಸರು ಹಿಡಿದು ಮಾತಾಡಿಸಿದರು. ವಯಸ್ಸಾದ ಗುರುಗಳಿಗೆ ಕಾರು ಕಳಿಸಿ, ಜತೆಗೊಬ್ಬ ಹಳೆಯ ವಿದ್ಯಾರ್ಥಿಯನ್ನೂ ಕಳಿಸಿ. ಧಾರವಾಡದಿಂದ ಬಾಗಲಕೋಟೆವರೆಗೆ ಸುಮ್ನೆ ಡ್ರೈವರ್ ಜತೆ ಕೂತು ಬರುವುದು ಅವರಿಗೆ ಬೇಸರ.

ಮಧ್ಯಾಹ್ನ ಹೆಣ್ಣುಮಕ್ಕಳಿಗೆ ಉಡಿ ತುಂಬುವ ಕಾರ್ಯಕ್ರಮ ಇಟ್ಟಿದ್ದೆವು. ತವರಿಗೆ ಬಂದವರು ಬರಿ ಉಡಿಯಲ್ಲಿ ಹೋಗಬಾರದು ಅಂತ. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ. ಗಂಡನನ್ನು ಕಳೆದುಕೊಂಡವರಿಗೆ ಉಡಿ ತುಂಬುವುದಿಲ್ಲ ಎಂಬ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಇದನ್ನು ಮೊದಲೇ ಮಾತಾಡಿಕೊಂಡಿದ್ದೆವು. ರಜಿಸ್ಟರ್‌ನಲ್ಲಿ ಹೆಸರು ಇದ್ದವರಿಗೆಲ್ಲ ಉಡಿ, ಬೇರೆ ಲೆಕ್ಕ ಇಲ್ಲ ಅಂತ. ಆದರೂ ಆ ಹೊತ್ತಿಗೆ ಕೆಲವರು ಎದ್ದು ಅಡುಗೆ ಮನೆ ಕಡೆ ನಡೆದರು. ಟೇಲರ್ ಗೆಳತಿ ಹಿಂದೆಯೇ ಹೋಗಿ ಒಬ್ಬರ ರಟ್ಟೆ ಹಿಡಿದು, “ಏ ನಡಿಯವ್ವಾ, ಕ್ಲಾಸಿನ್ಯಾಗ ಫಸ್ಟ್ ಬೆಂಚ್ ನಿಂದಽ ಇತ್ತು” ಅಂತ ಎಳೆದು ತಂದು ಕೂರಿಸಿದಳು. ಉಳಿದವರೂ ಬಂದರು. ಯಾರೋ ಇಬ್ಬರು ಹಿರಿಯರು ಮುಖ ತಿರುಗಿಸಿದರು. ತಿರುಗಿಸಲಿ.

ಇನ್ನು ವೆಬ್‌ಸೈಟ್. ವಾಟ್ಸಾಪ್ ಇರುವಾಗ ಅದ್ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ವಾಟ್ಸಾಪ್ ಗುಂಪಿಗೆ 1024 ಜನ ಹಿಡಿಸುತ್ತಾರೆ, ಜಾಗದ ಕೊರತೆ ಇಲ್ಲ. ಆದರೆ ಇವತ್ತು ಹಾಕಿದ ಹಳೇ ಫೋಟೋ ನಾಳೆಯ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತು ಹೋಗುತ್ತದೆ. ಪಟ್ಟಿ, ನಕಾಶೆ, ಫೋಟೋ, ಜಮಾ-ಖರ್ಚು ಇವು ನಾಲ್ಕು ಒಂದೇ ಕಡೆ ಇರಬೇಕು, ಯಾವಾಗ ಹೋದರೂ ಸಿಗಬೇಕು. ನಮ್ಮ ವೆಬ್‌ಸೈಟಿನಲ್ಲಿ ಇರುವುದು ಅಷ್ಟೇ. ತಿರುಗುವ ಚಿತ್ರ, ಹಾಡು ಏನೂ ಇಲ್ಲ. ಹೊಲದಲ್ಲಿ ನಿಂತು ನೋಡಿದರೂ ತೆರೆಯಬೇಕು.

ಹುಡುಕಲು ಓಣಿ ಒತ್ತಬಹುದು, ಬ್ಯಾಚ್ ಒತ್ತಬಹುದು. ಹೆಸರು, ಬ್ಯಾಚು, ಓಣಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಫೋನ್ ನಂಬರ್ ಅಂತೂ ಇಲ್ಲವೇ ಇಲ್ಲ. ಬೇಕಾದವರು ಬ್ಯಾಚಿನ ಇಬ್ಬರು ಜವಾಬ್ದಾರರನ್ನು ಕೇಳಬೇಕು. ಅವರು ಆ ಕಡೆಯವರ ಒಪ್ಪಿಗೆ ಪಡೆದೇ ಕೊಡುತ್ತಾರೆ. ವೈಯಕ್ತಿಕ ಮಾಹಿತಿಗೆ ಒಪ್ಪಿಗೆ ಬೇಕು ಎನ್ನುವ ಕಾನೂನು 2023ರಲ್ಲಿ ಬಂದಿದೆ. ಕಾನೂನು ಬರದಿದ್ದರೂ ನಾವು ಹೀಗೇ ಮಾಡುತ್ತಿದ್ದೆವು, ಆ ಅಣ್ಣನ ಫೋನ್ ನೆನಪಿದೆಯಲ್ಲ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪಟ್ಟಿಗಳಿದ್ದರೆ ಒಂದು ಎಚ್ಚರಿಕೆ. ಹಳೆಯ ಫಾಂಟಿನ ಅಕ್ಷರಗಳು ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದೂ ಇಲ್ಲ. ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ಒಮ್ಮೆ ನೋಡಿ.

ವೆಬ್‌ಸೈಟಿಗೆ ಜನ ಹೆಚ್ಚು ಬರುವುದು ಬೀಳ್ಕೊಡುಗೆಯ ಗ್ರೂಪ್ ಫೋಟೋಗಳಿಗೆ. ಸ್ಕ್ಯಾನ್ ಮಾಡಿ ಪ್ರತಿ ಮುಖಕ್ಕೂ ನಂಬರ್ ಹಾಕುತ್ತೇವೆ. ಗೊತ್ತಿಲ್ಲದ ಮುಖದ ಮುಂದೆ ‘ಯಾರಿವರು?’ ಅಂತ ಬರೆದರೆ ಸಾಕು, ಒಂದು ಫೋಟೋಗೆ ನಾಲ್ಕು ಕಡೆಯಿಂದ ಫೋನ್ ಬರುತ್ತದೆ.

ಡೊಮೈನನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಒಬ್ಬರ ಸ್ವಂತ ಇಮೇಲ್‌ನಲ್ಲಿ ತೆಗೆದುಕೊಳ್ಳಬೇಡಿ. ಅಂಥ ಒಂದು ಶಾಲೆಯ ಸೈಟ್ ನೋಡಿದ್ದೇನೆ. ಮಾಡಿದ ಹುಡುಗ ವಿದೇಶಕ್ಕೆ ಹೋದ, ಯಾರೂ ದುಡ್ಡು ಕಟ್ಟಲಿಲ್ಲ, ಸೈಟ್ ಹೋಯಿತು. ನಾವು ಸಂಘ ಮಾಡಿಕೊಂಡೆವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ 7 ಜನ ಬೇಕು. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಸಂಘದ್ದೇ ಇಮೇಲ್, ಪಾಸ್‌ವರ್ಡ್ ಇಬ್ಬರ ಹತ್ತಿರ. ಸಮ್ಮಿಲನದ ದಿನ ವೇದಿಕೆಯಲ್ಲಿ ದೇಣಿಗೆ ಕೂಗುವುದಿಲ್ಲ. ಕೂಗಿದರೆ ಮುಂದಿನ ಸಲ ಕೂಲಿ ಮಾಡುವ ಗೆಳೆಯ ಬರುವುದಿಲ್ಲ.

ಇತ್ತೀಚೆಗೆ ನದಿ ದಂಡೆಯ ಇನ್ನೊಂದು ಊರಿನ ಹುಡುಗನೊಬ್ಬ ಅಂಗಡಿಗೆ ಬಂದಿದ್ದ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಅವರ ಊರೂ ಹೋಗುತ್ತದಂತೆ. ವೆಬ್‌ಸೈಟಿಗೆ ಎಷ್ಟಾಗುತ್ತದೆ ಅಂತ ಕೇಳಿದ. ಅದಕ್ಕೆ ಅವಸರ ಇಲ್ಲ ಅಂದೆ. ಊರು ಇನ್ನೂ ನಿಂತಿದೆ, ಮೊದಲು ಮೊಬೈಲ್ ಹಿಡಿದು ಪ್ರತಿ ಓಣಿಯಲ್ಲೂ ನಡೆದು ವಿಡಿಯೊ ಮಾಡು. ಜತೆಗೆ ಒಬ್ಬ ಅಜ್ಜಿಯನ್ನು ಕರೆದುಕೋ. ಪ್ರತಿ ಬಾಗಿಲ ಮುಂದೆ ನಿಂತು ಇದು ಯಾರ ಮನೆ, ಈ ಮನೆಯ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದೆ ಅಂತ ಅಜ್ಜಿಯ ಬಾಯಲ್ಲೇ ಹೇಳಿಸು. ರಜಿಸ್ಟರ್‌ಗೆ ಅರ್ಜಿಯ ನಮೂನೆ ನನ್ನ ಕಂಪ್ಯೂಟರಿನಲ್ಲೇ ಇತ್ತು, ಪ್ರಿಂಟ್ ತೆಗೆದು ಕೊಟ್ಟೆ.