ಮೊದಲು ಗಂಟು ಇಡಲು ಜಾಗ, ಆಮೇಲೆ ಕೆಲಸ

ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ನನ್ನದೊಂದು ಟೀ ಅಂಗಡಿ. ರಾತ್ರಿ ಷಟರ್ ಎಳೆದ ಮೇಲೆ ಅದರ ಮುಂದೆ ನಾಲ್ಕೈದು ಜನ ಮಲಗುತ್ತಾರೆ. ಕೆಲವರನ್ನು ಮನೆಯಿಲ್ಲದವರಿಗಾಗಿ ಇರುವ ಪಾಲಿಕೆಯ ರಾತ್ರಿ ತಂಗುದಾಣಕ್ಕೆ ಸೇರಿಸಿದ್ದೇನೆ. ನೀವೂ ಸೇರಿಸಬಹುದು.

ಮಲಗಿದವರನ್ನು ಎಬ್ಬಿಸಬೇಡಿ. ಚಾಪೆ ಹಾಸುವ ಮುಂಚೆ ಹೋಗಿ, ಟೀ ಕೊಟ್ಟು ಪಕ್ಕದಲ್ಲಿ ಕೂರಿ. "ಊಟ ಆಯ್ತಾ ಅಣ್ಣ?" ಅಂತ ಶುರು ಮಾಡಿ. "ಕೇಂದ್ರಕ್ಕೆ ಬನ್ನಿ" ಅಂದರೆ ಎದ್ದು ಹೋಗುತ್ತಾರೆ. ಮಾಗಡಿ ರಸ್ತೆಯ ಬೆಗ್ಗರ್ಸ್ ಕಾಲೋನಿಗೆ ಹಾಕುತ್ತಾರೆ ಅನ್ನೋ ಭಯ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದವರನ್ನು ಇಡುವ ಜಾಗ. ತಂಗುದಾಣಕ್ಕೆ ತಾವಾಗಿ ಬರಬಹುದು, ತಾವಾಗಿ ಹೋಗಬಹುದು. ಬಿಡಿಸಿ ಹೇಳಿ.

ಕರೆದೊಯ್ಯುವ ಮುಂಚೆ ನೀವೊಮ್ಮೆ ನೋಡಿ ಬನ್ನಿ. ನಾನು ಮೊದಲ ಸಲ ನೋಡಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಅಣ್ಣ ಎರಡೇ ದಿನಕ್ಕೆ ಫುಟ್‌ಪಾತಿಗೆ ವಾಪಸ್ ಬಂದರು. ಲಾರಿ ಬರೋದು ಬೆಳಗಿನ ಜಾವ ಮೂರಕ್ಕೆ, ಅಲ್ಲಿ ಗೇಟು ತೆಗೆಯೋದು ಆರಕ್ಕೆ. ಬಟ್ಟೆಗಂಟಿಗೆ ಬೀಗದ ಪೆಟ್ಟಿಗೆಯೂ ಇರಲಿಲ್ಲ. ಅವರ ತಪ್ಪೇನಿದೆ ಹೇಳಿ? 1 ಲಕ್ಷ ಜನಕ್ಕೊಂದು ತಂಗುದಾಣ, ಅದೂ ವರ್ಷವಿಡೀ 24 ಗಂಟೆ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಗೇಟು, ಪೆಟ್ಟಿಗೆ ಎರಡನ್ನೂ ಧೈರ್ಯವಾಗಿ ಕೇಳಿ. ಹೆಂಗಸರಿಗೆ ಬೇರೆ ತಂಗುದಾಣವಿದೆಯಾ ವಿಚಾರಿಸಿ. ಒಂಟಿ ಹೆಂಗಸಿಗೆ ಅಪಾಯ ಅನ್ನಿಸಿದರೆ ತಡ ಮಾಡದೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ನಾಲ್ಕು ರಾತ್ರಿ ನೆಮ್ಮದಿಯಾಗಿ ಮಲಗಲಿ, ಆಮೇಲೆ ಕಾಗದಪತ್ರ. ವಿಳಾಸ ಇಲ್ಲದವರ ಆಧಾರ್‌ಗೆ ತಂಗುದಾಣದ ಮೇಲ್ವಿಚಾರಕರು ಪ್ರಮಾಣಪತ್ರ ಕೊಡಬಹುದಾ ಕೇಳಿ. ಫುಟ್‌ಪಾತಿನಲ್ಲೇ ಇರುವವರಿಗೂ ವೋಟರ್ ಕಾರ್ಡ್ ಸಿಗುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6ರಲ್ಲಿ, ಮಲಗುವ ಜಾಗ ಬರೆಯಬೇಕು. ಮತಗಟ್ಟೆ ಅಧಿಕಾರಿ ರಾತ್ರಿ ಬಂದು, ಅಲ್ಲೇ ಮಲಗುತ್ತಾರಾ ಅಂತ ನೋಡುತ್ತಾರೆ. ಕಾರ್ಡು ಕೈಗೆ ಬಂದ ಮೇಲೆ ಬ್ಯಾಂಕಿನಲ್ಲಿ ಜನ್‌ಧನ್ ಖಾತೆ ತೆರೆಸಿ.

ಗಾರೆ ಕೆಲಸಕ್ಕೆ ಹೋಗುವವರಾದರೆ ಹಾಜರಿ ಬರೆದಿಡಲು ಒಂದು ನೋಟ್‌ಬುಕ್ ಕೊಡಿಸಿ. ವರ್ಷದಲ್ಲಿ 90 ದಿನ ದುಡಿದಿದ್ದರೆ, ವಯಸ್ಸು 18ರಿಂದ 60ರೊಳಗಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು.

ಕೆಲಸಕ್ಕೆ ಸೇರಿದ ಮೊದಲ ವಾರವೇ ತುಂಬಾ ಕಷ್ಟ. ಶನಿವಾರದ ಬಟವಾಡೆವರೆಗೆ ಕೈಯಲ್ಲಿ ಕಾಸಿರುವುದಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5 ರೂಪಾಯಿ, ಊಟ 10. ಅಷ್ಟು ದಿನದ ಊಟದ ಕಾಸು ನೀವು ಕೊಡಿ. ಶನಿವಾರ ಸಂಜೆ ಹೋಗಿ ಮಾತಾಡಿಸಿ. ಮೇಸ್ತ್ರಿ ಪೂರ್ತಿ ಕೊಟ್ಟರಾ ಅಂತ ಕೇಳಿ.